ಪೆನ್ನು ಕಡೆಯುವವರ ಪ್ರಶ್ನೆಗೆ ಲೇತ್ ಮೇಸ್ತ್ರಿ ಉತ್ತರ

ಮಲೆನಾಡಿಗ: ಮೇಸ್ತ್ರಿಗಳೇ ನಮಸ್ಕಾರ. ಬೀಟೆ ಮರದ ಪೆನ್ನು ಜೋಡಿಸಿದ ಮೇಲೆ ಕ್ಲಿಪ್ ಹತ್ತಿರ ಒಂದು ಕಡೆ ಮರ ಲೋಹಕ್ಕೆ ಸಮ, ಎದುರು ಕಡೆ ಉಗುರಿಗೆ ತಡೆಯುವಷ್ಟು ಮೆಟ್ಟಿಲು. ಪ್ರತಿ ಪೆನ್ನಿಗೂ ಇದೇ ಕಥೆ.

ಮೇಸ್ತ್ರಿ: ಉಳಿ ತಪ್ಪಲ್ಲ ಇದು. ಮರ ದುಂಡಗೇ ಬಂದಿದೆ, ಒಳಗಿನ ಹಿತ್ತಾಳೆ ಟ್ಯೂಬು ನಡುವಿನಲ್ಲಿಲ್ಲ. ಲೇತಿನಲ್ಲಿ ಮರ ತಿರುಗಿಸಲು ಟ್ಯೂಬು ಪೋಣಿಸುವ ಮ್ಯಾಂಡ್ರಿಲ್ ತೆಳ್ಳಗಿನ ಕಂಬಿ, ಅದರ ಹೊರತುದಿಗೆ ಆನುವ ಟೇಲ್‌ಸ್ಟಾಕ್ ಜೋರಾಗಿ ಒತ್ತಿದರೆ ಬಾಗುತ್ತದೆ. ಕಂಬಿ ತುದಿಯ ನಟ್ಟು ಬೆರಳಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಮುಟ್ಟಬೇಡಿ. ಆಮೇಲೂ ಹಾಗೇ ಇದ್ದರೆ ಪ್ಲಗ್ ಕಿತ್ತು, ಟೇಲ್‌ಸ್ಟಾಕ್ ಹಿಂದೆ ಸರಿಸಿ, ಪೆನ್ಸಿಲನ್ನು ಕಂಬಿಗೆ ತಾಗಿಯೂ ತಾಗದ ಹಾಗೆ ಹಿಡಿದು ಕೈಯಲ್ಲೇ ಲೇತ್ ತಿರುಗಿಸಿ. ಗೆರೆ ಬಿದ್ದ ಕಡೆ ಉಬ್ಬು. ಈಗ ಮ್ಯಾಂಡ್ರಿಲ್ ತೆಗೆದು, ಅರ್ಧ ಸುತ್ತು ತಿರುಗಿಸಿ ಕೂರಿಸಿ ಇನ್ನೊಮ್ಮೆ ನೋಡಿ. ಗೆರೆ ಕಂಬಿಯ ಅದೇ ಜಾಗಕ್ಕೆ ಬಿದ್ದರೆ ಕಂಬಿಯೇ ಸೊಟ್ಟ, ಬಿಸಾಡಿ. ಎದುರು ಕಡೆ ಬಿದ್ದರೆ ಹೆಡ್‌ಸ್ಟಾಕ್ ಟೇಪರಿನೊಳಗೆ, ಅಂದರೆ ಕಂಬಿ ಕೂರುವ ಇಳಿಜಾರು ತೂತಿನೊಳಗೆ, ಹೊಟ್ಟು ಕೂತಿರಬೇಕು. ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿಗೆ ಎಣ್ಣೆ ಹಾಕಲೇಬೇಡಿ, ಹಿಡಿತ ಹೋಗುತ್ತದೆ.

ಕರಾವಳಿ ಕೈ: ಮಳೆಗೆ ಲೇತಿನ ಬೆಡ್ಡು, ಅದೇ ಟೇಲ್‌ಸ್ಟಾಕ್ ಸರಿಯುವ ಕಬ್ಬಿಣದ ಹಳಿ, ತುಕ್ಕು. ಕೊಬ್ಬರಿ ಎಣ್ಣೆ ಹಚ್ಚಿ ಅಂತ ವಾಟ್ಸಾಪಲ್ಲಿ ಬಂದಿದೆ, ಹಚ್ಚಲಾ?

ಮೇಸ್ತ್ರಿ: ಬೇಡ. ಎಣ್ಣೆಗೆ ಹೊಟ್ಟು ಮೆತ್ತಿಕೊಂಡು ಟೇಲ್‌ಸ್ಟಾಕ್ ಸರಿಯುವುದೇ ಇಲ್ಲ. ತುಕ್ಕು ಉಜ್ಜಿ ತೆಗೆದು ಮೇಣ ತೆಳ್ಳಗೆ ಹಚ್ಚಿ ಒರೆಸಿ.

ಪೇಟೆ ಟರ್ನರ್: ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಚಿಲ್ಲರೆಗೆ ಎಲ್ಲಿ ಸಿಗುತ್ತೆ?

ಮೈಸೂರು ಮಾವ: ಅಲ್ಲಿಯವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ನೀವು ಪೆನ್ನಿನ ಹೊಳಪಿಗೆ ಸೂಪರ್ ಗ್ಲೂ ಸುರಿಯುತ್ತೀರಿ.

ಪೇಟೆ ಟರ್ನರ್: ಅರಗು ಗೊಂಬೆಗೆ ಸರಿ ಮಾವ. ದಿನಾ ಬೆವರು ಕೈಯಲ್ಲಿ ಹಿಡಿಯೋ ಪೆನ್ನಿಗೆ ಎಷ್ಟು ದಿನ ತಡೆಯುತ್ತೆ?

ಮಲೆನಾಡಿಗ: ಟೇಪರಿನಲ್ಲಿ ಹೊಟ್ಟು ಇತ್ತು, ಸರಿಹೋಯಿತು! ಇನ್ನೊಂದು, ಬೀಟೆ ಉಜ್ಜಿದ ರಾತ್ರಿ ಕೈಯೆಲ್ಲ ತುರಿಕೆ, ಎದೆ ಬಿಗಿತ. ಗ್ಲೌಸ್ ಹಾಕುತ್ತಿದ್ದೇನೆ. ಧೂಳಿಗೆ ಬೆಲ್ಲ ತಿಂದರೆ ಸಾಕಂತೆ?

ಮೇಸ್ತ್ರಿ: ಇದನ್ನು ಮೊದಲೇ ಹೇಳಬಾರದಾ? ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ. ಬೀಟೆ ಧೂಳು ಕೆಲವರಿಗೆ ಅಲರ್ಜಿ, ಮುಟ್ಟುತ್ತಾ ಹೋದಷ್ಟೂ ಜಾಸ್ತಿಯಾಗಬಹುದು. ಬೀಟೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಬೇರೆ ಮರಕ್ಕೂ ಕರ್ಚೀಫ್ ಸಾಲದು, ಎನ್95 ಹಾಕಿ. ಗ್ಲೌಸ್ ಅಂತೂ ತಿರುಗುವ ಲೇತಿನ ಮುಂದೆ ಬೇಡವೇ ಬೇಡ, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ.

ಮೈಸೂರು ಮಾವ: ನಮ್ಮಪ್ಪ ಬೆಲ್ಲ ತಿಂದೇ ಸಾಮಿಲ್ಲಿನಲ್ಲಿ ದುಡಿದರು, ಏನೂ ಆಗಲಿಲ್ಲ.

ಪೇಟೆ ಟರ್ನರ್: ಅರಗಿನ ಮಾತಿಗೆ ಉತ್ತರ ಇಲ್ಲ, ಈಗ ಬೆಲ್ಲ ಹಿಡಿದಿರಾ?

ಮೈಸೂರು ಮಾವ: ದೊಡ್ಡವರ ಹತ್ತಿರ ಮಾತಾಡೋದು ಕಲಿಯಪ್ಪ.

ಹೊಸಬ: ಸರ್, ಬೇರಿಂಗಿಗೆ ಯಾವ ಎಣ್ಣೆ?

ಮೇಸ್ತ್ರಿ: ಒಳಗೇ ಗ್ರೀಸ್ ತುಂಬಿ ಮುಚ್ಚಿದ ಸೀಲ್ ಬೇರಿಂಗ್ ಇದ್ದರೆ ಯಾವುದೂ ಬೇಡ.

ಕರಾವಳಿ ಕೈ: ಕೊಬ್ಬರಿ ಎಣ್ಣೆ ಬೇಡ ಅಂದ್ರೆ ಬೆಡ್ಡಿಗೆ ಎಳ್ಳೆಣ್ಣೆ ಆಗುತ್ತಾ?

ಮೇಸ್ತ್ರಿ: ಮೇಲೆ ಓದಿ.