ಎರಡನೇ ಟಿಡಿ ಇಂಜೆಕ್ಷನ್ ಗುರುವಾರ ಉಂಟು, ನೋವು ಕಡಿಮೆ ಮಾಡ್ಲಿಕ್ಕೆ ಎಂತ ಮಾಡ್ಬಹುದು?

ಕಟಪಾಡಿಯ ಹೊಲಿಗೆಯವಳು

ಎಲ್ಲರಿಗೂ ನಮಸ್ಕಾರ. ನನಗೆ ಈಗ ನಾಲ್ಕು ತಿಂಗಳು, ಚೊಚ್ಚಲು. ಬರುವ ಗುರುವಾರ ಎರಡನೇ ಟಿಡಿ, ಧನುರ್ವಾಯು ಬಾರದ ಹಾಗೆ ಬಸುರಿಯರಿಗೆ ಕೊಡುವ ಇಂಜೆಕ್ಷನ್. ಆಶಾ ಅಕ್ಕ ತಾಯಿ ಕಾರ್ಡಿನಲ್ಲಿ ತಾರೀಕು ಬರೆದು ಕೊಟ್ಟಿದ್ದಾರೆ. ಕಾರ್ಡನ್ನು ಮಿಷನ್ನಿನ ಡ್ರಾವರಿನಲ್ಲಿ ಇಟ್ಟಿದ್ದೇನೆ, ದಾರದ ಉಂಡೆ ತೆಗೆಯಲಿಕ್ಕೆ ಎಳೆದಾಗೆಲ್ಲ ಅದೇ ಕಣ್ಣಿಗೆ ಬೀಳುದು.

ಮೊದಲನೇದು ಹೋದ ತಿಂಗಳು ಆಯಿತು. ಆವತ್ತು ಬೆಳಿಗ್ಗೆಯಿಂದ ವಾಂತಿ, ಹೊಟ್ಟೆಗೆ ಎಂತದೂ ಹೋಗಿರಲಿಲ್ಲ. ಬ್ಲೌಸಿನ ತೋಳು ಬಿಗಿ. ಮಡಚಿ ಮಡಚಿ ಮೇಲೆ ಏರಿಸಿದ್ದಕ್ಕೆ ಕೈಗೆ ಹಗ್ಗ ಕಟ್ಟಿದ ಹಾಗೆ ಆಗಿತ್ತು. ನಾನು ಮುಷ್ಟಿ ಬಿಗಿ ಹಿಡಿದು ಸೂಜಿಯನ್ನೇ ನೋಡ್ತಾ ಕೂತಿದ್ದೆ. "ಇಷ್ಟಕ್ಕೇ ಹೀಗೆ ಮಾಡಿದ್ರೆ ನಾಳೆ ಹೆರಿಗೆ ನೋವು ಹೇಗೆ ತಡ್ಕೊಳ್ತಿ?" ಅಂತ ಸಿಸ್ಟರ್ ಕೇಳಿದರು. ಸಾಲಿನಲ್ಲಿ ಇದ್ದವರು ನಕ್ಕರು. ಚುಚ್ಚಿದ್ದಕ್ಕಿಂತ ಆ ನಗು ಜಾಸ್ತಿ ನೋವಾಯಿತು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು, ಆಶಾ ಅಕ್ಕ ಹಿಡಿದುಕೊಂಡರು.

ಮತ್ತೆ ಎರಡು ದಿನ ಬಲಗೈ ಎತ್ತಲಿಕ್ಕೆ ಆಗಲಿಲ್ಲ. ಕತ್ತರಿ ಹಿಡಿಯುವ ಕೈ ಅದು. ಈ ಸಲ ಎಡಗೈಗೆ ತಕೊಳ್ಳುವ ಅಂದರೆ ಅಮ್ಮ ಎಡಮಗ್ಗುಲಲ್ಲೇ ಮಲಗಬೇಕು ಅಂತ ಹೇಳಿದ್ದಾರೆ, ಆ ಕೈ ಮೇಲೆ ಮಲಗುದು ಹೇಗೆ? ಅತ್ತೆ ಬಿಸಿ ಎಣ್ಣೆ ಹಚ್ಚಿ ತಿಕ್ಕಬೇಕು ಅಂತಾರೆ. ಇಂಜೆಕ್ಷನ್ ತಪ್ಪಿಸುವ ಯೋಚನೆ ನನಗಿಲ್ಲ, ಮಗುವಿಗೆ ಬೇಕಾದ್ದು ಅಂತ ಗೊತ್ತುಂಟು. ಆದರೆ ನೋವು, ಹೆದರಿಕೆ ಸ್ವಲ್ಪ ಕಡಿಮೆ ಮಾಡುವ ದಾರಿ ಉಂಟಾ?

ಸುರತ್ಕಲ್ ಅಮ್ಮ

ತಂಗಿ, ನನಗೂ ಹೀಗೇ ಆಗಿತ್ತು. ಎರಡನೇ ಬಸುರಲ್ಲಿ ಮಂಗಳೂರಿನ ಡಾಕ್ಟರ್ ಏಳನೇ ತಿಂಗಳಲ್ಲಿ ನಾಯಿಕೆಮ್ಮಿನದ್ದೂ ಸೇರಿರುವ ಟಿಡ್ಯಾಪ್ ಕೊಟ್ಟರು, ಅದೇ ದಿನ ಫ್ಲೂದು ಇನ್ನೊಂದು ಕೈಗೆ. ಚುಚ್ಚುವ ಮೊದಲು ಬಟ್ಟೆಯಲ್ಲಿ ಸುತ್ತಿದ ಐಸ್ ತುಂಡನ್ನು ಒಂದು ನಿಮಿಷ ಒತ್ತಿ ಹಿಡಿದಿದ್ದೆ, ಚುಚ್ಚಿದ್ದು ಅಷ್ಟೊಂದು ಗೊತ್ತಾಗಲಿಲ್ಲ. ಮಾರನೇ ದಿನದ ನೋವು ಮಾತ್ರ ಇತ್ತು. ಗಂಡನನ್ನೋ ಅಮ್ಮನನ್ನೋ ಕರಕೊಂಡು ಹೋಗು, ಒಬ್ಬಳೇ ಹೋಗಬೇಡ.

ಬ್ರಹ್ಮಾವರದ ಸಿಸ್ಟರ್

ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ. ಮೊದಲು ಒಂದು ಮಾತು. "ಹೆರಿಗೆ ಹೇಗೆ ತಡ್ಕೊಳ್ತಿ" ಎನ್ನುವುದನ್ನು ನಾನೂ ಹೇಳಿದ್ದೇನೆ, ಧೈರ್ಯ ಬರಲಿ ಅಂತ. ಒಂದು ಹುಡುಗಿ ಆ ಮಾತು ಕೇಳಿ ಅತ್ತು ಹೋದವಳು ಎರಡನೇ ಡೋಸಿಗೆ ಬರಲೇ ಇಲ್ಲ, ಮನೆಗೆ ಹೋಗಿ ಕರೆಯಬೇಕಾಯಿತು. ಆಮೇಲೆ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಹೆದರಿಕೆ ಇರುವವರಿಗೆ ನೋವು ಹೆಚ್ಚು ತಾಗುತ್ತದೆ, ಅದು ನಾಟಕ ಅಲ್ಲ. ಹಾಗಾಗಿ ಗುರುವಾರ ನೀವು ಕೂತ ಕೂಡಲೇ ಹೇಳಿ: "ಸಿಸ್ಟರ್, ಹೋದ ಸಲ ನನಗೆ ತಲೆ ತಿರುಗಿತ್ತು." ಇಷ್ಟು ಹೇಳಿದರೆ ನಮ್ಮ ಕೈಯೂ ನಿಧಾನ ಆಗುತ್ತದೆ.

ನೋವು ಎರಡು ತರದ್ದು. ಒಂದು ಚುಚ್ಚುವಾಗಿನದ್ದು, ಅದು ಕೆಲವೇ ಸೆಕೆಂಡ್. ಇನ್ನೊಂದು ಆಮೇಲಿನದ್ದು. ಟಿಡಿಯಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ, ದೇಹ ಲಸಿಕೆಯನ್ನು ಚೆನ್ನಾಗಿ ಗುರುತಿಸಲಿ ಅಂತ ಸೇರಿಸುದು. ಆ ಸ್ನಾಯುವಿನಲ್ಲಿ ಒಂದೆರಡು ದಿನ ಬಾವು, ಬಿಗಿತ ಬರುದು ಅದರಿಂದ. ಎರಡಕ್ಕೂ ಉಪಾಯ ಬೇರೆ ಬೇರೆ.

ಚುಚ್ಚುವಾಗಿನ ನೋವಿಗೆ ಎಲ್ಲಕ್ಕಿಂತ ಮುಖ್ಯ ಕೈ ಸಡಿಲ ಬಿಡುದು. ಮುಷ್ಟಿ ಹಿಡಿದರೆ ತೋಳಿನ ಸ್ನಾಯು ಕಲ್ಲಿನ ಹಾಗೆ ಆಗುತ್ತದೆ. ಅಂಗೈಯನ್ನು ತೊಡೆಯ ಮೇಲೆ ಇಟ್ಟು ಭುಜ ಇಳಿಬಿಡಿ. ನೀವು ಟೈಲರ್ ಅಲ್ವಾ, ತೋಳು ಸಡಿಲ ಇರುವ ಒಂದು ಕುರ್ತಾ ಹೊಲಿದುಕೊಳ್ಳಿ! ಬಿಗಿ ತೋಳು ನಮಗೂ ದೊಡ್ಡ ತೊಂದರೆ. ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗೆ ಕೊಡಬೇಕು. ತೋಳು ಪೂರ್ತಿ ಕಾಣದಿದ್ದರೆ ಅಂದಾಜು ತಪ್ಪುತ್ತದೆ, ತೀರಾ ಮೇಲೆ ಹೋದರೆ ಕೀಲಿಗೇ ತಾಗಿ ಭುಜದ ನೋವು ತುಂಬಾ ದಿನ ಉಳಿಯಬಹುದು.

ಮತ್ತೆ ಕೆಮ್ಮು. ಸುಮ್ಮನೆ ಒಂದು ಸಲ ಕೆಮ್ಮಿ, ಎರಡನೇ ಕೆಮ್ಮಿಗೆ ಸರಿಯಾಗಿ ನಾವು ಚುಚ್ಚುತ್ತೇವೆ. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನರಿಗೆ ಇದು ಸರಿ ಆಗಿದೆ. ತಿಂಗಳು ತುಂಬಿದವರಿಗೆ ಕೆಮ್ಮುವಾಗ ಮೂತ್ರ ಸೋರುದು ಉಂಟು, ಅವರಿಗೆ ಉಸಿರು ಎಳೆದು ಹಿಡಿದು ನಿಧಾನ ಬಿಡಲಿಕ್ಕೆ ಹೇಳುತ್ತೇನೆ. ಕೊಡುವ ಜಾಗವನ್ನು ಹತ್ತು ಸೆಕೆಂಡ್ ಹೆಬ್ಬೆರಳಲ್ಲಿ ಗಟ್ಟಿ ಒತ್ತಿ, ಬಿಟ್ಟ ಕೂಡಲೇ ಕೊಡುವ ಕ್ರಮವೂ ಉಂಟು. ಕಾಲು ಎಡವಿದಾಗ ನಾವು ಕೈಯಿಂದ ಅದುಮಿ ಹಿಡಿಯುವುದಿಲ್ವಾ, ಅದೇ ಲೆಕ್ಕ. ಅದುಮಿದ ಅನುಭವ ನರದಲ್ಲಿ ಬೇಗ ಓಡಿ ಬೆನ್ನುಹುರಿಯಲ್ಲೇ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ ಅಂತ ಮೆಲ್ಜಾಕ್, ವಾಲ್ ಎನ್ನುವ ಇಬ್ಬರು 1965ರಲ್ಲಿ ವಿವರಿಸಿದರು. ಐಸ್ ಕೂಡ ಆಗುತ್ತದೆ. ಚರ್ಮಕ್ಕೆ ಸ್ಪಿರಿಟ್ ಹಚ್ಚಿದರೆ ಅದು ಒಣಗುವವರೆಗೆ ಕಾಯಲಿಕ್ಕೆ ಹೇಳಿ, ಹಸಿ ಇರುವಾಗ ಚುಚ್ಚಿದರೆ ಉರಿ.

ನಾವು ಕಲಿಯುವಾಗ ಸೂಜಿ ಚುಚ್ಚಿ ಪಿಸ್ಟನ್ ಹಿಂದೆ ಎಳೆದು ರಕ್ತ ಬರ್ತದಾ ನೋಡಬೇಕಿತ್ತು. ಲಸಿಕೆ ಕೊಡುವಾಗ ಅದು ಬೇಡ, ಸೂಜಿ ಒಳಗೆ ಅಲುಗಾಡಿ ನೋವು ಹೆಚ್ಚಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಹೀಗಾಗಿ ಈಗ ಬೇಗ ಮುಗಿಯುತ್ತದೆ ಅಂತ ಹೆದರಬೇಡಿ, ಸರಿಯಾಗಿಯೇ ಕೊಟ್ಟಿರುತ್ತಾರೆ.

ತಲೆ ತಿರುಗುದಕ್ಕೆ: ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಗಂಜಿ ಇಳಿಯದಿದ್ದರೆ ಎರಡು ಬಿಸ್ಕೆಟ್, ಒಂದು ಲೋಟ ಶರಬತ್ತಾದರೂ ಸಾಕು. ಕೂತಲ್ಲಿ ತೊಡೆ, ಕಾಲಿನ ಸ್ನಾಯುಗಳನ್ನು ಹದಿನೈದು ಸೆಕೆಂಡ್ ಬಿಗಿ ಮಾಡಿ ಬಿಡಿ, ಕೈ ಮಾತ್ರ ಬಿಗಿ ಮಾಡಬೇಡಿ. ಆದಮೇಲೆ ಹದಿನೈದು ನಿಮಿಷ ಏಳಬೇಡಿ. ಕತ್ತಲೆ ಬಂದ ಹಾಗೆ ಆದರೆ ಎಡಮಗ್ಗುಲಿಗೆ ಮಲಗಿಸಲಿಕ್ಕೆ ಹೇಳಿ.

ಕೈ ಯಾವುದಾದರೂ ಆಗುತ್ತದೆ. ನಾಲ್ಕನೇ ತಿಂಗಳಲ್ಲಿ ಎಡಕ್ಕೇ ಮಲಗಬೇಕೆಂದು ಇಲ್ಲ. ಎಡಗೈಗೆ ತಕೊಳ್ಳಿ, ಎರಡು ರಾತ್ರಿ ಬಲಕ್ಕೆ ಮಲಗಿ. ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು ಬೇಡ ಅಂತ ಅತ್ತೆಗೆ ನನ್ನ ಹೆಸರಲ್ಲಿ ಹೇಳಿ. ತಣ್ಣೀರಿನ ಬಟ್ಟೆ ಇಡಿ, ಕೈಯನ್ನು ಸುಮ್ಮನೆ ಇಡದೆ ಸಣ್ಣ ಕೆಲಸ ಮಾಡಿ. ತಡೆಯಲಿಕ್ಕೆ ಆಗದಿದ್ದರೆ ಡಾಕ್ಟರನ್ನು ಕೇಳಿ ಪ್ಯಾರಸಿಟಮಾಲ್. ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ, ಬಸುರಲ್ಲಿ ಅದು ಬೇಡ. ಬಾವು ದಿನದಿಂದ ದಿನಕ್ಕೆ ಹೆಚ್ಚಾದರೆ, ಜೋರು ಜ್ವರ ಬಂದರೆ ತೋರಿಸಿ.

ಕೋಟೇಶ್ವರದವ

ಸಿಸ್ಟರ್, ನನ್ನ ಹೆಂಡತಿಗೂ ಮುಂದಿನ ವಾರ ಉಂಟು. ಐಸ್ ಇಟ್ಟರೆ ಲಸಿಕೆಯ ಶಕ್ತಿ ಹೋಗುದಿಲ್ವಾ? ಮತ್ತೆ ಇದು ಮೊದಲಿನ ಟಿಟಿಯೇ ಅಲ್ವಾ, ನಮ್ಮ ಮನೆಯಲ್ಲಿ ಎಲ್ಲ ಟಿಟಿ ಅಂತಲೇ ಹೇಳುದು.

ಬ್ರಹ್ಮಾವರದ ಸಿಸ್ಟರ್

ಹೆಂಡತಿಯ ಬಗ್ಗೆ ನೀವೇ ಕೇಳಿದ್ದು ಸಂತೋಷ. ಟಿಡಿ ಬಾಟಲಿಯೊಳಗೇ ಹೆಪ್ಪುಗಟ್ಟಿದರೆ ಹಾಳು, ಅದಕ್ಕೇ 2ರಿಂದ 8 ಡಿಗ್ರಿಯಲ್ಲಿ ಇಡುದು. ಚರ್ಮದ ಮೇಲೆ ಒಂದು ನಿಮಿಷ ಐಸ್ ಇಟ್ಟರೆ ಎಂತ ಆಗುದಿಲ್ಲ. ಆದರೆ ನಮ್ಮ ಲಸಿಕೆ ಪೆಟ್ಟಿಗೆಯಲ್ಲಿರುವ ಐಸ್ ಪ್ಯಾಕ್ ಕೇಳಬೇಡಿ, ಅದು ತೆಗೆದರೆ ಉಳಿದವರ ಲಸಿಕೆಗೆ ತೊಂದರೆ. ಮನೆಯಿಂದ ಫ್ರಿಜ್ಜಿನ ನೀರಿನ ಬಾಟಲಿ ತನ್ನಿ, ಸಾಕು.

ಟಿಟಿ ಬದಲು ಟಿಡಿ ಬಂದದ್ದು 2019ರಲ್ಲಿ. ಧನುರ್ವಾಯುವಿನ ಜೊತೆ ಗಂಟಲಮಾರಿಗೂ ರಕ್ಷಣೆ. ಹಿಂದೆ ಹೊಕ್ಕುಳಬಳ್ಳಿ ಶುಚಿ ಇಲ್ಲದೆ ಕೊಯ್ದ ಮಕ್ಕಳು ಒಂದು ವಾರಕ್ಕೆಲ್ಲ ಹಾಲೆಳೆಯಲಾರದೆ, ದವಡೆ ಕಚ್ಚಿಕೊಂಡು ಹೋಗುತ್ತಿದ್ದವು. 2015ರಲ್ಲಿ ನಮ್ಮ ದೇಶ ಆ ಸ್ಥಿತಿಯಿಂದ ಹೊರಗೆ ಬಂತು. ಆದರೆ ಧನುರ್ವಾಯುವಿನ ಬೀಜ ಮಣ್ಣಿನಲ್ಲಿ ಈಗಲೂ ಇದೆ. ಎರಡನೇ ಡೋಸ್ ಮೊದಲಿನದ್ದಾಗಿ ನಾಲ್ಕು ವಾರಕ್ಕೆ. ಹೋದ ಮೂರು ವರ್ಷದೊಳಗೆ ಬಸುರಾಗಿ ಎರಡೂ ತಕೊಂಡಿದ್ದರೆ ಈಗ ಒಂದು ಬೂಸ್ಟರ್ ಸಾಕು.

ಕಟಪಾಡಿಯ ಹೊಲಿಗೆಯವಳು

ನಿನ್ನೆ ಆಯಿತು. ನಾಲಗೆ ಒಣಗಿತ್ತು, ಆದರೂ ಕೂತ ಕೂಡಲೇ ಹೇಳಿದೆ. ಸಿಸ್ಟರ್ ಬೇರೆಯವರು. ಸಾಲಿನವರನ್ನು ಸ್ವಲ್ಪ ಹೊರಗೆ ನಿಲ್ಲಿಸಿ, "ಗಡಿಬಿಡಿ ಇಲ್ಲ, ನಿಮ್ಮ ಕೆಮ್ಮಿಗೆ ಕಾಯ್ತೇನೆ" ಅಂದರು. ಕೆಮ್ಮಿದೆ. ಇರುವೆ ಕಚ್ಚಿದಷ್ಟು. ಕಣ್ಣು ಕತ್ತಲೆ ಬರಲಿಲ್ಲ. ಇವತ್ತು ಎಡಗೈ ಭಾರ ಉಂಟು, ಆದರೆ ಬೆಳಿಗ್ಗೆ ಎರಡು ಬ್ಲೌಸ್ ಕತ್ತರಿಸಿದೆ.

ಕುರ್ತಾ ನೋಡಿ ಆಶಾ ಅಕ್ಕ ಅಳತೆ ಕೇಳಿದರು, ಇಲ್ಲೂ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ತೋಳಿನ ಸುತ್ತಳತೆಗೆ ನಾಲ್ಕು ಇಂಚು ಜಾಸ್ತಿ ಬಿಡಿ. ಭುಜದ ಹೊಲಿಗೆಯಿಂದ ಕೆಳಗೆ ಆರು ಇಂಚು ಸೀಳು ಇಟ್ಟು ಮೂರು ಟಿಚ್ ಬಟನ್ ಹಾಕಿ. ಮಡಚುವ ಕೆಲಸವೇ ಇಲ್ಲ, ಬಟನ್ ಬಿಚ್ಚಿದರೆ ತೋಳು ಪೂರ್ತಿ ಕಾಣುತ್ತದೆ.