ಅಪ್‌ಡೇಟ್: ಗಂಟಲಲ್ಲಿ ಸಿಕ್ಕಿಕೊಂಡಾಗ ಏನು ಮಾಡಬೇಕು, ಶಾಲೆಯವರು ಕಲಿತರು

ಮಗಳ ಕ್ಲಾಸಿನಲ್ಲಿ ಒಂದು ಮಗುವಿಗೆ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿತ್ತು, ಟೀಚರ್ ಗಾಬರಿಯಲ್ಲಿ ನೀರು ಕುಡಿಸಲು ಹೋಗಿದ್ದರು, ಶಾಲೆಗೆ ಹೇಗೆ ಹೇಳಲಿ ಅಂತ ಹೋದ ತಿಂಗಳು ಕೇಳಿದ್ದೆ. (ಮಗು ತಾನೇ ಕೆಮ್ಮಿ ಉಗುಳಿತ್ತು, ಪುಣ್ಯ.)

ನೀವು ಹೇಳಿದ ಹಾಗೆ ದೂರಿನ ಮಾತೆತ್ತದೆ ತರಬೇತಿ ಕೇಳಿದೆ. ಒಪ್ಪಿದರು! ಶನಿವಾರ ನಡೆಯಿತು, ನಾನೂ ಹಿಂದಿನ ಬೆಂಚಲ್ಲಿ ಕೂತಿದ್ದೆ.

ಕೆಮ್ಮಲು ಆಗುತ್ತಿದ್ದರೆ ಸುಮ್ನೆ ಕೆಮ್ಮಲು ಬಿಡಬೇಕು. ದನಿಯೇ ಹೊರಡದಿದ್ದರೆ ತಡ ಮಾಡುವಂತಿಲ್ಲ. ಮಗುವನ್ನು ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಬೇಕು. ಹೊರಬರುವ ತನಕ ಇವೆರಡನ್ನೂ ಬದಲಿಸುತ್ತಿರಬೇಕು. ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್. ಪ್ರಜ್ಞೆ ತಪ್ಪಿದರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು). ಕಾಣದ್ದನ್ನು ಬೆರಳು ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗಬಹುದು.

ಅದೇ ಟೀಚರ್ ಪುಟ್ಟ ಗೊಂಬೆಯ ಹಿಂದೆ ಮಂಡಿಯೂರಿ ಮೂರು ಸಲ ಅಭ್ಯಾಸ ಮಾಡಿದರು. ನಿಂತೇ ಮಾಡಿದರೆ ಕೈ ಎದೆಗೆ ಹೋಗುತ್ತದೆ, ಅಲ್ವಾ?

ಈಗ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕಳಿಸಿ ಅಂತ ಚೀಟಿ ಬಂದಿದೆ. ಆದರೆ ಊಟದ ಹೊತ್ತಲ್ಲಿ ಮಕ್ಕಳ ಜೊತೆ ಜಾಸ್ತಿ ಇರುವ ಆಯಾಗಳನ್ನೇ ತರಬೇತಿಗೆ ಕರೆದಿರಲಿಲ್ಲ. ಮುಂದಿನ ವಾರ ಅವರಿಗೂ ಇದೆಯಂತೆ.