ಅಪ್‌ಡೇಟ್: ಹಳೇ ಸಿಟಿ ವಿಟೆಕ್ ಕಾರಿನ ಬ್ರೇಕ್ ಕೊನೆಗೂ ಸರಿ ಮಾಡಿಸಿದೆ
ಆಗುಂಬೆ ಘಾಟಿ ಇಳಿಯುವಾಗ ನನ್ನ 2002ರ ಹೋಂಡಾ ಸಿಟಿ ವಿಟೆಕ್‌ನ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗ್ತಿತ್ತು, ದೊಡ್ಡ ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ) ಹಾಕಿಸಲಾ ಅಂತ ಇಲ್ಲಿ ಕೇಳಿದ್ದೆ. ಹಾಕಿಸಲಿಲ್ಲ!

ಮೊದಲು ಬ್ರೇಕ್ ಫ್ಲೂಯಿಡ್ (ಪೆಡಲ್ ಒತ್ತಡವನ್ನ ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ) ನೋಡಿಸಿ ಅಂದವರಿಗೆ ದೊಡ್ಡ ನಮಸ್ಕಾರ. ಹೊರಗೆ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ್ದು. ವರ್ಷಗಟ್ಟಲೆ ಬದಲಿಸದ ತಪ್ಪು ನನ್ನದೇ. ಅದು ಗಾಳಿಯ ತೇವ ಹೀರುತ್ತೆ; ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ತೇವ ಹಿಡಿದ ಮೇಲೆ 155ರ ಹತ್ತಿರವೇ ಕುದಿಯಬಹುದು. ಕುದ್ದರೆ ಗುಳ್ಳೆ, ನಾವು ಒತ್ತಿದ್ದೆಲ್ಲ ಗುಳ್ಳೆ ಅದುಮೋಕೇ ಸರಿ.

ಬಿರುಕು ಬಿಟ್ಟ ರಬ್ಬರ್ ಹೋಸ್‌ಗಳನ್ನೂ ಬದಲಿಸಿದೆ. ಮುಂದಕ್ಕೆ ಅದೇ ಅಳತೆಯ ಹೊಸ ಡಿಸ್ಕ್, ಡಿಸ್ಕನ್ನ ಒತ್ತಿ ಹಿಡಿಯೋಕೆ ದಿನಬಳಕೆಯ ಪ್ಯಾಡ್. ರೇಸ್ ಪ್ಯಾಡ್ ಆಸೆ ಬಿಟ್ಟೆ. ತಣ್ಣಗಿದ್ದಾಗ ಅವು ಸರಿಯಾಗಿ ಕಚ್ಚಲ್ಲ, ಬೆಳಿಗ್ಗೆ ಹಾಲು ತರೋಕೆ ಹೋಗುವವನಿಗೆ ಯಾಕದು?

ಖಾಲಿ ರಸ್ತೇಲಿ ಗಂಟೆಗೆ 60 ಕಿ.ಮೀ.ನಿಂದ 10ಕ್ಕೆ ಎಂಟು-ಹತ್ತು ಸಲ ವೇಗ ಇಳಿಸಿ ಪ್ಯಾಡ್ ಪಳಗಿಸಿದೆ. ಹೋದ ಭಾನುವಾರ ಎರಡನೇ ಗೇರಲ್ಲಿ ಆಗುಂಬೆಯ 14 ತಿರುವೂ ಇಳಿದೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಹಿಂದಿನ ಚಕ್ರದ ಡ್ರಮ್ ಬ್ರೇಕ್ ಮಾತ್ರ ಇನ್ನೂ ಕಿರ್ ಅಂತಿದೆ, ಮುಂದಿನ ವಾರ ಬಿಚ್ಚಿಸ್ತೀನಿ.